ವ್ಯಾಗಣ್ಣನ ಕೇಸು

ಮದರಾಸಿಗೆ ಇನ್ನೂ ಮದರಾಸು ಎಂದೇ ಹೆಸರಿದ್ದ ಕಾಲವದು. ನೀರಿನ ಲಾರಿ ಬಂದರೆ ಇಡೀ ಬೀದಿ ಕೊಡ ಹಿಡಿದು ಓಡುತ್ತಿತ್ತು. ಸೀಮೆಎಣ್ಣೆಯನ್ನು ಎತ್ತಿನ ಗಾಡಿಯ ಪೀಪಾಯಿಯಲ್ಲಿ ತಂದು ಅಳೆದು ಕೊಡುತ್ತಿದ್ದರು. ತೊಂಡಿಯಾರ್‌ಪೇಟೆಯ ನಮ್ಮ ಓಣಿಯಲ್ಲಿ ಮನುಷ್ಯರಷ್ಟೇ ಸಲೀಸಾಗಿ ಆಡು, ಎಮ್ಮೆ, ಬಾತುಕೋಳಿಗಳೂ ಓಡಾಡುತ್ತಿದ್ದವು. ಕಾಸಿಮೇಡಿನ ಕಡೆಯಿಂದ ಗಾಳಿ ಬೀಸಿದರೆ ಒಣಮೀನಿನ ವಾಸನೆ, ರೈಲ್ವೆ ಯಾರ್ಡಿನ ಕಡೆಯಿಂದ ಬೀಸಿದರೆ ಕಲ್ಲಿದ್ದಲ ಹೊಗೆ. ನಮ್ಮ ಮನೆಯಲ್ಲಿ ಮಾತ್ರ ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದೇ ವಾಸನೆ: ಟಗರಿನದು. ಒದ್ದೆ ಕಂಬಳಿ, ಹುರಿಗಡಲೆ, ಬೇವಿನೆಣ್ಣೆ ಮೂರೂ ಸೇರಿದರೆ ಹೇಗೋ ಹಾಗೆ. ಅದನ್ನು ನಾತ ಎಂದು ಮೂಗು ಮುಚ್ಚಿಕೊಂಡವರೂ ಇದ್ದರು. ಅಂಥವರಿಗೆ ನಮ್ಮವ್ವ ಕುಡಿಯಲು ನೀರು ಸಹ ಕೊಡುತ್ತಿರಲಿಲ್ಲ.

ನಾನು ಏಳನೇ ಇಯತ್ತೆಗೇ ಶಾಲೆಗೆ ಕೈಮುಗಿದು ವೆಲ್ಡಿಂಗ್ ಕೆಲಸಕ್ಕೆ ಸೇರಿದವನು. ಅಕ್ಷರದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ, ಸಂಗತಿಯಲ್ಲಿ ತಪ್ಪು ಹುಡುಕಬೇಡಿ. ಈಗ ಟಿವಿಯಲ್ಲಿ ಪ್ರಾಣಿಗಳ ಕಾಳಗಕ್ಕೆ ಎಷ್ಟು ಶಿಕ್ಷೆ ಕೊಡಬೇಕು ಎಂಬ ಚರ್ಚೆ ಬಂದಾಗಲೆಲ್ಲ ಎರಡು ಗುಂಪು ಕೂತು ಕೂಗಾಡುತ್ತವೆ. ಒಬ್ಬರಿಗೆ ಕಾಳಗವೇ ಸಂಸ್ಕೃತಿ. ಇನ್ನೊಬ್ಬರಿಗೆ ಬಾಗಿಲಲ್ಲಿ ಟಗರು ಕಟ್ಟಿದವನೆಲ್ಲ ಕಟುಕ. ಇಬ್ಬರ ಮಾತಿನಲ್ಲೂ ನನ್ನ ಅಪ್ಪನಿಗೆ ನಿಲ್ಲಲು ಜಾಗವಿಲ್ಲ. ಅವನಿಗೆ ಜಾಗ ಮಾಡಿಕೊಡಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಅಪ್ಪ ರೋಣದ ಕಡೆಯ ಹಳ್ಳಿಯವನು. ಸೋದರಮಾವನ ಬೆನ್ನುಹತ್ತಿ ಮದರಾಸಿಗೆ ಬಂದು ರೈಲ್ವೆ ಗೂಡ್ಸ್ ಯಾರ್ಡಿನಲ್ಲಿ ಖಲಾಸಿಯಾದ. ಮೊದಲ ವರ್ಷ ಒಬ್ಬನೇ ಇದ್ದ. ಆ ವರ್ಷದಲ್ಲೇ ಒಂದು ದಿನ, ಕುರಿಗಳನ್ನು ಇಳಿಸಿ ಖಾಲಿಯಾದ ವ್ಯಾಗನ್ ಗುಡಿಸಲು ಹತ್ತಿದವನಿಗೆ ಮೂಲೆಯ ಹುಲ್ಲಿನಲ್ಲಿ ಆಗಷ್ಟೇ ಹುಟ್ಟಿದ ಮರಿ ಸಿಕ್ಕಿತು. ತಾಯಿ ಹಿಂಡಿನ ಜೊತೆ ಹೋಗಿಯಾಗಿತ್ತು. ಮೂರು ದಿನ ಕಾದರೂ ಕೇಳಿಕೊಂಡು ಯಾರೂ ಬರಲಿಲ್ಲ. ಅಪ್ಪ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಅದನ್ನು ಬದುಕಿಸಿಕೊಂಡ. ಮರುವರ್ಷ ನಾನೂ ಅವ್ವನೂ ಊರಿನಿಂದ ಬಂದಾಗ ಬಾಗಿಲಲ್ಲಿ ನಮ್ಮನ್ನು ಎದುರುಗೊಂಡದ್ದು ಅದೇ. ಎದುರುಗೊಂಡದ್ದು ಎಂದರೆ, ಅವ್ವನ ಟ್ರಂಕಿಗೆ ತಲೆ ಕೊಟ್ಟು ಗುದ್ದಿದ್ದು.

“ಯವ್ವಾ! ಏನಿದು?” ಅಂದಳು ಅವ್ವ.

“ವ್ಯಾಗನ್ನಿನ್ಯಾಗ ಹುಟ್ಟಿದ್ದು. ನಾನ ಸಾಕೀನಿ.”

“ಅಂದ್ರ ನಮಗಿಂತ ಮೊದಲ ಈ ಮನೀಗೆ ಬಂದೈತಿ. ನನ್ನ ಮಗಗ ಅಣ್ಣ ಆಗಬೇಕಲ್ಲ ಹಂಗಾರ? ವ್ಯಾಗಣ್ಣ!”

ಹೆಸರು ಅಲ್ಲಿಗೆ ನಿಂತಿತು. ನನಗೆ ಒಡಹುಟ್ಟಿದವರಿಲ್ಲ. ಅಣ್ಣನ ಜೊತೆ ಹೊಡೆದಾಡಿದ್ದು, ಅಣ್ಣನ ಪಾಲಿನ ರೊಟ್ಟಿ ಕದ್ದದ್ದು, ಅಣ್ಣನ ಮೈಗೆ ಒರಗಿ ನಿದ್ದೆಹೋದದ್ದು, ಎಲ್ಲ ಆ ಟಗರಿನ ಜೊತೆಗೇ. ಮದರಾಸಿನಲ್ಲಿ ಬಿಳಿಜೋಳ ಸಿಗುವುದು ಕಷ್ಟ. ಸಿಕ್ಕ ದಿನ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ವ್ಯಾಗಣ್ಣ ಗೂಟ ಕಿತ್ತುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬರುತ್ತಿತ್ತು. ಬೀದಿಯಲ್ಲಿ ನಾವು ಗಿಲ್ಲಿದಾಂಡು ಆಡಿದರೆ ಹಾರಿದ ಗಿಲ್ಲಿಯ ಹಿಂದೆ ಅದೂ ಓಡುತ್ತಿತ್ತು. ಓಣಿಯ ಹುಡುಗರು ಅದನ್ನು ಎರಡೂ ತಂಡಕ್ಕೆ ಆಡುವವ ಎಂದು ಒಪ್ಪಿಕೊಂಡಿದ್ದರು.

ಎರಡು ವರ್ಷಕ್ಕೆ ಅದು ಬೆಳೆದು ನಿಂತ ರೀತಿ ನೋಡಬೇಕಿತ್ತು. ಕೊಂಬು ಎರಡು ಸುತ್ತು ಸುತ್ತಿಕೊಂಡಿತ್ತು, ಕುತ್ತಿಗೆ ನನ್ನ ಸೊಂಟಕ್ಕಿಂತ ದಪ್ಪ. ಅಪ್ಪ ಅದಕ್ಕೆ ಬೆಲ್ಲ, ನೆನೆಸಿದ ಕಡಲೆ, ಹಬ್ಬಕ್ಕೊಂದು ಮೊಟ್ಟೆ ಎಂದು ಲೆಕ್ಕವಿಲ್ಲದೆ ತಿನ್ನಿಸುತ್ತಿದ್ದ. ರವಿವಾರ ರವಿವಾರ ಕಾಸಿಮೇಡಿನ ಸಮುದ್ರಕ್ಕೆ ಇಳಿಸಿ ತಿಕ್ಕಿ ತೊಳೆಯುತ್ತಿದ್ದ. ಹೇನು ಉದುರಲು ಉಪ್ಪುನೀರಿನಷ್ಟು ಒಳ್ಳೆಯದು ಬೇರಿಲ್ಲ ಎಂಬುದು ಅವನೇ ಕಂಡುಹಿಡಿದ ಔಷಧ.

ನಮ್ಮ ಓಣಿಯ ಮುನುಸಾಮಿಯ ಕಣ್ಣು ವ್ಯಾಗಣ್ಣನ ಮೇಲೆ ಬಿದ್ದದ್ದು ಆಗಲೇ. ಅವನು ಬಂದರಿಗೆ ಐಸು ತಳ್ಳುವ ಗಾಡಿಯವನು, ಬಿಡುವಿನಲ್ಲಿ ಟಗರು ಕಾಳಗ ನಡೆಸುವವನು. ಅವನು ಆಡಿದ್ದು ತಮಿಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಬಸಪ್ಪಣ್ಣಾ, ಒಂದೇ ಒಂದು ಸಲ ಕಣಕ್ಕೆ ಇಳಿಸು. ಇದರ ಮುಂದೆ ವಾಷರ್‌ಮನ್‌ಪೇಟೆಯ ಒಂದು ಟಗರೂ ನಿಲ್ಲೋದಿಲ್ಲ.”

ಅಪ್ಪ ಬೇಡವೆಂದು ತಲೆಯಾಡಿಸಿದ.

“ಯಾಕೆ, ಹೆದರಿಕೆಯಾ?”

“ಆಮಾ. ಬಯಂ,” ಅಂದ ಅಪ್ಪ. ಹೌದು, ಹೆದರಿಕೆ. ಅವನ ತಮಿಳು ಯಾರ್ಡಿನ ತಮಿಳು. ಎರಡು ಮಾತಿಗಿಂತ ಉದ್ದ ಹೋಗುತ್ತಿರಲಿಲ್ಲ.

ಓಣಿಯ ಕಟ್ಟೆಯಲ್ಲಿ ಕೂತಿದ್ದ ಅಷ್ಟು ಜನರ ಎದುರು ಅಪ್ಪ ಹೆದರಿಕೆ ಎಂದನಲ್ಲ ಎಂದು ನನಗೆ ಭೂಮಿಗೆ ಇಳಿದುಹೋದಂತಾಯಿತು. ಯಾಕೆಂದರೆ, ಈಗ ಮುಚ್ಚಿಡುವುದೇನಿದೆ, ವ್ಯಾಗಣ್ಣ ಕಾದಾಡಿ ಗೆಲ್ಲಬೇಕು, ನಾನು ಅದರ ಹಗ್ಗ ಹಿಡಿದು ಓಣಿಯಲ್ಲಿ ಎದೆಯುಬ್ಬಿಸಿ ಬರಬೇಕು ಎಂದು ನನಗೇ ಆಸೆಯಿತ್ತು. ಆ ಸಲ ಮಾಟ್ಟುಪೊಂಗಲ್‌ಗೆ ಎಲ್ಲರೂ ಎತ್ತಿನ ಕೊಂಬಿಗೆ ಬಣ್ಣ ಬಳಿದರೆ ನಾನು ವ್ಯಾಗಣ್ಣನ ಕೊಂಬಿಗೆ ಬಳಿದೆ. ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು. ರೈಲ್ವೆಯ ಬಾವುಟದ ಬಣ್ಣ ಅವು. ಕೊರಳಿಗೆ ಗಂಟೆ ಕಟ್ಟಿದೆ. ನೋಡಿದವರು ಇದು ಕಾಳಗದ ಟಗರೇ ಎನ್ನಬೇಕು, ಹಾಗೆ ಸಿಂಗರಿಸಿದೆ.

ಮರುದಿನ ಕಾಣುಂ ಪೊಂಗಲ್. ಊರಿಗೆ ಊರೇ ಸಮುದ್ರದ ದಂಡೆಯಲ್ಲಿ. ಅಪ್ಪನಿಗೆ ರಜೆ. ವ್ಯಾಗಣ್ಣನನ್ನು ಮೀಯಿಸಿ, ನಾನು ಸುಂಡಲ್ ಕಾಳಿನ ಪೊಟ್ಟಣ ಮುಗಿಸಿ, ಮೂವರೂ ದೋಣಿಗಳ ಹಿಂದಿನ ಮರಳ ಬಯಲಿನಲ್ಲಿ ಮನೆಯ ಕಡೆ ಹೊರಟಿದ್ದೆವು. ಅಲ್ಲಿ ಜನ ಸುತ್ತುಗಟ್ಟಿ ನಿಂತಿದ್ದರು. ನಡುವೆ ಮುನುಸಾಮಿಯ ಕೂಗು. ಆಮೇಲೆ ಆ ಸದ್ದು. ಯಾರ್ಡಿನಲ್ಲಿ ಗೂಡ್ಸ್ ಗಾಡಿಯ ಎರಡು ಡಬ್ಬಿಗಳನ್ನು ದೂಡಿ ಕೂಡಿಸಿದಾಗ ಬರುತ್ತದಲ್ಲ, ಅಂಥದು. ಎಲುಬಿನಿಂದ ಅಂಥ ಸದ್ದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಪ್ಪ ಹಗ್ಗ ಬಿಗಿಹಿಡಿದು ಬೇರೆ ದಾರಿಗೆ ತಿರುಗಿದ. ನಾನು ನಿಂತೆ.

“ಒಂದ ನಿಮಿಷ ಅಪ್ಪಾ. ಒಂದ ನೋಡಿ ಬರ್ತೀನಿ.”

“ಬ್ಯಾಡ ಬಾ.”

“ಒಂದ ನಿಮಿಷ!”

ಆ ಒಂದು ನಿಮಿಷದಲ್ಲಿ ಪೊಲೀಸ್ ವ್ಯಾನು ಬಂದು ನಿಂತಿತು. ಜನ ಚೆಲ್ಲಾಪಿಲ್ಲಿಯಾದರು. ಮುನುಸಾಮಿ ದೋಣಿಯೊಂದನ್ನು ಹತ್ತಿ ಆಚೆ ಹಾರಿದ. ಟಗರಿನವರು ಟಗರುಗಳನ್ನು ಹೆಗಲಿಗೆ ಹಾಕಿಕೊಂಡು ಗುಡಿಸಲುಗಳ ಸಂದಿಯಲ್ಲಿ ಮಾಯವಾದರು. ನಾನು ಅಪ್ಪನ ಅಂಗಿ ಹಿಡಿದು ಜಗ್ಗಿದೆ.

“ಓಡಪ್ಪಾ! ಓಡು!”

“ಯಾಕ ಓಡ್ಲಿ? ನಾ ಏನ್ ಮಾಡೀನಿ?”

ಹೀಗೆ, ಕಾಳಗ ನಡೆಸಿದವರೆಲ್ಲ ಓಡಿಹೋದ ಬಯಲಿನಲ್ಲಿ, ಕೆಂಪು ಹಸಿರು ಕೊಂಬಿನ ಟಗರು ಹಿಡಿದು ನೆಟ್ಟಗೆ ನಿಂತಿದ್ದ ನನ್ನ ಅಪ್ಪ ಒಬ್ಬನೇ ಸಿಕ್ಕಿದ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದು ಹೆಡ್ ಕಾನ್‌ಸ್ಟೇಬಲ್. ಎಲ್ಲರೂ ಅವರನ್ನು ಏಟಯ್ಯ ಎನ್ನುತ್ತಿದ್ದರು. ಹಬ್ಬದ ಜನಜಂಗುಳಿ ಕಾದು ಕಾದು ಸೋತಿದ್ದ ಮನುಷ್ಯ. ಬೂಟಿನೊಳಗೆ ಮರಳು ತುಂಬಿಕೊಂಡಿತ್ತು. ಬೂಟು ಬಿಚ್ಚಿ ಕೊಡವುತ್ತಲೇ ತಮಿಳಿನಲ್ಲಿ ಕೇಳಿದರು.

“ಹೆಸರು ಹೇಳು. ಟಗರು ನಿನ್ನದೇ ತಾನೇ? ಕಾಳಗಕ್ಕೆ ಎಷ್ಟು ದಿನದಿಂದ ಬಿಡ್ತಿದ್ದೀಯ?”

ಅಪ್ಪ ನನ್ನ ಕಡೆ ನೋಡಿದ. ನಾನು ಮುಂದೆ ಬಂದು ನಿಂತೆ. ತಮಿಳು ಶಾಲೆಯಲ್ಲಿ ಎರಡನೇ ವರ್ಷ ನನ್ನದು. ಮನೆಯಲ್ಲಿ ತಮಿಳಿನ ಪಂಡಿತ ನಾನೇ. ಹಾಲಿನವಳ ಜೊತೆ, ರೇಷನ್ ಅಂಗಡಿಯಲ್ಲಿ, ಎಲ್ಲ ಕಡೆ ಅವ್ವನ ಬಾಯಿ ನಾನೇ. ಆ ಧಿಮಾಕು ಎಷ್ಟಿತ್ತೆಂದರೆ, ಠಾಣೆಯಲ್ಲಿ ನಿಂತಿದ್ದೇನೆ ಎಂಬ ಹೆದರಿಕೆಯೂ ಅದರ ಮುಂದೆ ನಿಲ್ಲಲಿಲ್ಲ.

“ಹೇಳು ತಮ್ಮಾ,” ಅಂದ ಅಪ್ಪ, “ಊರಾಗ ಇದ್ದಾಗ ಆಡಿಸ್ತಿದ್ದೆ. ಮೂರು ವರ್ಷದಿಂದ ಟಗರಿನ ಕಾಳಗ ಬಿಟ್ಟೀನಿ ಅಂತ ಹೇಳು.”

ಮೊದಲಿನ ಮಾತು ಉದ್ದವೆಂದು ನಾನು ನುಂಗಿದೆ. ಉಳಿದದ್ದನ್ನು ಠಾಕುಠೀಕಾಗಿ ತಮಿಳಿಗೆ ತಿರುಗಿಸಿದೆ. ಟಗರಿನ ಕಾಳಗಕ್ಕೆ ಕಿಡಾ ಸಂಡೆ, ಬಿಟ್ಟೀನಿ ಎಂಬುದಕ್ಕೆ ವಿಟ್ಟಿರುಕ್ಕಾರು. ಸುಲಭ.

“ಮೂಣು ವರುಷಮಾ ಕಿಡಾ ಸಂಡೆ ವಿಟ್ಟಿರುಕ್ಕಾರು, ಸಾರ್.”

ಏಟಯ್ಯ ತಲೆಯೆತ್ತಿ ಅಪ್ಪನನ್ನು ನೋಡಿದರು. “ಮೂರು ವರ್ಷದಿಂದಲಾ? ಪರವಾಗಿಲ್ಲ, ಒಪ್ಪಿಕೊಂಡೆಯಲ್ಲ,” ಎಂದು ಬರೆದುಕೊಂಡರು. ಅಪ್ಪನ ಹೆಬ್ಬೆಟ್ಟು ಹಿಡಿದು ಒತ್ತಿಸಿದರು. ಒಪ್ಪಿಕೊಂಡದ್ದು ಏನನ್ನು ಎಂದು ನನಗೆ ಆಗ ಹೊಳೆಯಲಿಲ್ಲ. ಕೇಸು ಮುಗಿಯುವ ತನಕ ಟಗರು ಸರ್ಕಾರದ ವಶ ಎಂದು ವ್ಯಾಗಣ್ಣನನ್ನು ಕೀಲ್ಪಾಕ್ ದಾಟಿ ಎಲ್ಲೋ ಆಚೆಯಿದ್ದ ದೊಡ್ಡಿಗೆ ಕಳಿಸಿದರು. ಗಾಡಿಗೆ ಹತ್ತಿಸುವಾಗ ಅದು ಒಮ್ಮೆಯೂ ಗುದ್ದಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿತ್ತು.

ಎರಡು ದಿನ ಕಳೆದ ಮೇಲೆ ಮುನುಸಾಮಿ ಬೆಕ್ಕಿನ ಹಾಗೆ ಬಂದು ಹೊಸ್ತಿಲಲ್ಲಿ ನಿಂತ.

“ಅಣ್ಣಾ, ಕೋರ್ಟಿನಲ್ಲಿ ತಪ್ಪಾಯಿತು ಅಂದುಬಿಡು. ಅಲ್ಲಿ ಎಲ್ಲರೂ ಹಾಗೇ ಮಾಡೋದು. ದಂಡ ಎಷ್ಟು ಸಣ್ಣದು ಅಂದ್ರೆ ನಿನಗೇ ನಗು ಬರುತ್ತೆ. ಅದನ್ನೂ ನಾನೇ ಕಟ್ತೀನಿ.”

ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಕೇಳಿದ, “ಟಗರು?”

“ಅದನ್ನ ಹರಾಜಿಗೆ ಹಾಕ್ತಾರೆ. ಅದಕ್ಕೇನು, ನಾನೇ ಕೂಗಿ ಬಿಡಿಸಿ ಕೊಡ್ತೀನಿ.”

ಒಳಗಿನಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. “ಅವ ಬಿಡಿಸ್ಕೊಂಡ್ರ ಮತ್ತ ಕಾಳಗಕ್ಕ ಒಯ್ಯಾಂವ. ಆ ದೋಣಿ ಹಾರಿದ ಭಾಡ್ಯಾಗ ಹೇಳು, ದಂಡಾ ಕಟ್ಟೋ ಹೌಸು ಇದ್ರ ಹೋಗಿ ತಂದs ಕಟ್ಟಿ ಬಾ ಅಂತ.”

ಇದನ್ನು ನಾನು ತಮಿಳಿಗೆ ತಿರುಗಿಸಲಿಲ್ಲ. ಅವ್ವನ ಮುಖ ನೋಡಿಯೇ ಅವನಿಗೆ ತಿಳಿಯಿತು.

“ಏನ್ ಮಾಡ್ತೀರಿ ಮತ್ತ?” ಎಂದು ಅವ್ವ ಆಮೇಲೆ ಅಪ್ಪನನ್ನು ಕೇಳಿದಳು.

“ಮಾಡಿಲ್ಲ ಅಂತ ಹೇಳ್ತೀನಿ.”

“ಅಷ್ಟs?”

“ಅಷ್ಟs. ಮಾಡಿಲ್ಲಲ್ಲ.”

ಸಣ್ಣ ಕೇಸುಗಳ ಕೋರ್ಟು ಹೇಗಿರುತ್ತದೆಂದು ಬಲ್ಲವರೇ ಬಲ್ಲರು. ದೀಪವಿಲ್ಲದ ಸೈಕಲ್ಲಿನವರು, ಫುಟ್‌ಪಾತಿನಲ್ಲಿ ಬುಟ್ಟಿಯಿಟ್ಟವರು, ಕುಡಿದು ಬಿದ್ದವರು, ಹೆಗಲು ಹುಣ್ಣಾದ ಎತ್ತಿಗೆ ಗಾಡಿ ಕಟ್ಟಿದವರು, ಎಲ್ಲ ಒಂದೇ ಸಾಲಿನಲ್ಲಿ. ಹೆಸರು ಕೂಗಿದ ತಕ್ಷಣ “ಒತ್ತುಕ್ಕಿರೇನ್”, ಒಪ್ಪಿಕೊಳ್ಳುತ್ತೇನೆ ಎನ್ನುವುದು, ದಂಡ ಕಟ್ಟುವುದು, ಹೊರಗೆ ಹೋಗಿ ಟೀ ಕುಡಿಯುವುದು. ಮ್ಯಾಜಿಸ್ಟ್ರೇಟರು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದರು. ಅಪ್ಪನ ಸರದಿ ಬಂತು. ಅಪ್ಪ ತಮಿಳಿನಲ್ಲಿ ಒಂದೇ ಮಾತು ಅಂದ.

“ಇಲ್ಲೆ.”

ಆಗ ಅವರು ಮೊದಲ ಸಲ ತಲೆಯೆತ್ತಿದರು. ಸಾಲಿನವರೆಲ್ಲ ಅಪ್ಪನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದರು. ಹಾಗಾದರೆ ವಿಚಾರಣೆ ಆಗಬೇಕು, ಇನ್ನೊಂದು ದಿನ ಬಾ ಎಂದರು. ಆ ಇನ್ನೊಂದು ದಿನ ಏಟಯ್ಯ ಬರಲಿಲ್ಲ. ಮುಂದಿನ ಸಲ ಮ್ಯಾಜಿಸ್ಟ್ರೇಟರು ರಜೆ. ಅದರ ಮುಂದಿನ ಸಲ ಹೊತ್ತು ಸಾಲಲಿಲ್ಲ. ಅಪ್ಪ ಪ್ರತಿ ಸಲ ಪಗಾರ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಬರುತ್ತಿದ್ದ. ಯಾರ್ಡಿನ ಮೇಸ್ತ್ರಿ ಗದರಿದ. ಓಣಿಯವರು ನಕ್ಕರು. ಒಂದು ಕುರಿಗಾಗಿ ಇಷ್ಟೊಂದಾ ಎಂದರು. ಉತ್ತರ ಕೊಡುವಷ್ಟು ತಮಿಳು ಅಪ್ಪನಿಗೆ ಬರುತ್ತಿರಲಿಲ್ಲ.

ರವಿವಾರ ಸಮುದ್ರಕ್ಕೆ ಹೋಗುತ್ತಿದ್ದವರು ಈಗ ದೊಡ್ಡಿಗೆ ಹೋಗತೊಡಗಿದೆವು. ಒಳಗೆ ಬಿಡುತ್ತಿರಲಿಲ್ಲ. ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಕಂಬಿಯ ಸಂದಿಯಿಂದ ಚಾಚಿದರೆ ವ್ಯಾಗಣ್ಣ ಮೊದಲು ಅಪ್ಪನ ಕೈ ನೆಕ್ಕಿ ಆಮೇಲೆ ರೊಟ್ಟಿ ತಿನ್ನುತ್ತಿತ್ತು. ಪಕ್ಕೆ ಎದ್ದು ಕಾಣುತ್ತಿದ್ದವು. ಕೊಂಬಿನ ಬಣ್ಣ ಪೊರೆಪೊರೆಯಾಗಿ ಏಳುತ್ತಿತ್ತು.

“ಮೇವು ಹಾಕ್ತೀವಪ್ಪಾ, ಅದೇ ಮುಟ್ಟೋದಿಲ್ಲ,” ಎನ್ನುತ್ತಿದ್ದ ಅಲ್ಲಿಯ ಕಾವಲುಗಾರ. ಸುಳ್ಳು ಹೇಳುವವನಂತೆ ಕಾಣಲಿಲ್ಲ.

ತಮಿಳರ ಮಾಸಿ ತಿಂಗಳ ಬಿಸಿಲು ಏರುತ್ತಿದ್ದ ಒಂದು ದಿನ ಮುನುಸಾಮಿ ಓಣಿಯ ಕಟ್ಟೆಯಲ್ಲಿ ಕೂತಿದ್ದ. ಯಾರೋ ಬೀಡಿ ಚಾಚಿದರು. ಅವನು ಕೈಯಾಡಿಸಿ, “ವೇಂಡಾಂಪಾ, ವಿಟ್ಟುಟ್ಟೇನ್,” ಅಂದ. ಬೇಡಪ್ಪಾ, ಬಿಟ್ಟುಬಿಟ್ಟೆ.

ವಿಟ್ಟುಟ್ಟೇನ್.

ನಾನು ಹೇಳಿದ್ದು ವಿಟ್ಟಿರುಕ್ಕಾರು. ಬೀಡಿ ಬಿಟ್ಟವನು ವಿಟ್ಟುಟ್ಟಾನ್. ಕಾಳಗಕ್ಕೆ ಟಗರು ಬಿಟ್ಟವನು ಸಂಡೆ ವಿಟ್ಟಾನ್. ನಡುವೆ ಒಂದೇ ಒಂದು ‘ಟ್ಟು’. ನಾನು ಆ ಟ್ಟು ನುಂಗಿ, ಮೂರು ವರ್ಷದಿಂದ ಬಿಟ್ಟುಬಿಟ್ಟಿದ್ದಾನೆ ಎನ್ನುವ ಬದಲು ಮೂರು ವರ್ಷದಿಂದ ಟಗರುಗಳನ್ನು ಕಾದಾಡಿಸುತ್ತಿದ್ದಾನೆ ಎಂದು ಅಪ್ಪನ ಮಾತಾಗಿ ಬರೆಸಿ ಬಂದಿದ್ದೆ. ಕೆಳಗೆ ಅವನ ಹೆಬ್ಬೆಟ್ಟು ಬಿದ್ದಿತ್ತು.

ಅಲ್ಲಿಂದ ಎದ್ದು ಮನೆಗೆ ನಡೆದೆ. ಹೇಳಲಿಲ್ಲ. ಹೇಳಿದರೆ ನನ್ನ ಪಂಡಿತಿಕೆ ಹೋಗುತ್ತದೆ ಎಂಬುದೇ ಮೊದಲು ತಲೆಗೆ ಬಂದದ್ದು. ಬರೆಯಲು ನಾಚಿಕೆಯಾದರೂ ಅದೇ ನಿಜ. ಎರಡು ವಾರ ಅದನ್ನು ಹೊತ್ತು ತಿರುಗಿದೆ. ಎರಡು ರವಿವಾರ ವ್ಯಾಗಣ್ಣನ ಕಣ್ಣು ತಪ್ಪಿಸಿದೆ.

ಐದನೇ ಸಲ ಕೇಸು ಕೊನೆಗೂ ಕೈಗೆ ಬಂತು. ನಾನು ಶಾಲೆ ತಪ್ಪಿಸಿ ಅಪ್ಪನ ಜೊತೆ ಹೋಗಿದ್ದೆ. ಏಟಯ್ಯ ಎದ್ದು ನಿಂತು ಹೇಳಿಕೆ ಓದಿದರು. ನನ್ನದೇ ವಾಕ್ಯ, ನನ್ನದೇ ತಪ್ಪು, ಆ ದೊಡ್ಡ ಕೋಣೆಯಲ್ಲಿ ಗಟ್ಟಿಯಾಗಿ ಕೇಳಿತು. ಅಪ್ಪ ಏನೂ ತಿಳಿಯದೆ ನೆಟ್ಟಗೆ ನಿಂತಿದ್ದ. ನಾನು ತಮಿಳಿನಲ್ಲೇ ಕಿರುಚಿದೆ.

“ಅದು ನನ್ನ ತಪ್ಪು ಸಾರ್! ಅಪ್ಪ ಹಾಗೆ ಹೇಳಿಲ್ಲ. ಕನ್ನಡದಲ್ಲಿ ಬಿಟ್ಟೀನಿ ಅಂದದ್ದು! ನಾನು ಟ್ಟು ನುಂಗಿದೆ!”

ಕೋಣೆ ನಗೆಯಲ್ಲಿ ಮುಳುಗಿತು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಪಕ್ಕದ ಮೇಜಿನಲ್ಲಿದ್ದ ಗುಮಾಸ್ತರ ಕಡೆ ತಿರುಗಿದರು. ಹಣೆಯ ತುಂಬ ನಾಮ, ಮಡಿಕೆ ಕೆಡದ ಪಂಚೆ. ಗುಮಾಸ್ತರು ನನ್ನನ್ನು ಹತ್ತಿರ ಕರೆದು ಕನ್ನಡದಲ್ಲೇ ಮಾತಾಡಿದರು. ಎಂಥ ಕನ್ನಡವದು! ಅರ್ಧ ತಮಿಳು.

“ಯಾವ ಊರು ಕಣ್ಣಾ ನಿಂದು? ನಮ್ಮಾತ್ತಲ್ಲೂ, ಮನೇಲೂ, ಕನ್ನಡಾನೇ, ಮೂರು ತಲೆಮೊರೆಯಾ ಇಲ್ಲೇ ಇದ್ದೀವಿ. ಭಯಪಡದೆ ಸೊಲ್ಲು. ಅಪ್ಪಾ ಏನ್ ಅಂದರು?”

ಹೇಳಿದೆ. ಅವರು ಎದ್ದು ತಮಿಳಿನಲ್ಲಿ ವಿವರಿಸಿದರು. ಹುಡುಗ ಹೇಳುವುದು ನಿಜ, ಕನ್ನಡದಲ್ಲಿ ಬಿಟ್ಟೆ ಎಂದರೆ ತ್ಯಜಿಸಿದೆ ಎಂದೂ ಆಗುತ್ತದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪ್ರಾಮಾಣಿಕ ಮನುಷ್ಯ, ಇನ್ನೊಂದು ಮಾತು ಸೇರಿಸಿದರು. “ಆದರೆ ಟಗರು ಬಿಟ್ಟೆ ಎಂದರೆ ಕಾಳಗಕ್ಕೆ ಬಿಟ್ಟೆ ಎಂದೂ ಆಗುತ್ತದೆ ಸಾರ್. ಎರಡಕ್ಕೂ ಅದೇ ಪದ.”

“ಹಾಗಾದರೆ ಇವನು ಯಾವ ಅರ್ಥದಲ್ಲಿ ಹೇಳಿದ?”

ಗುಮಾಸ್ತರು ಅದನ್ನು ಕನ್ನಡದಲ್ಲಿ ಅಪ್ಪನಿಗೆ ಕೇಳಿದರು. ಆಗ ಅಪ್ಪ ಬಾಯಿ ತೆರೆದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

“ಸಾಹೇಬ್ರ, ಎರಡೂ ಖರೇನs. ಊರಾಗ ನಾ ಟಗರು ಬಿಡ್ತಿದ್ದೆ. ಕೆಂಚ ಅಂತ ಒಂದಿತ್ತು. ಮೂವತ್ತು ಟಕ್ಕರ ಹೊಡದು ಗೆದ್ದಿತು. ನನ್ನ ಕೊಳ್ಳಾಗ ಹಾರ ಹಾಕಿದ್ರು, ಬೆಳ್ಳಿ ಕಡಗ ಕೊಟ್ರು. ಮನೀಗೆ ಬಂದು ನನ್ನ ಮೊಳಕಾಲ ಮ್ಯಾಲೆ ತಲಿ ಇಟ್ಟು ಸತ್ತಿತು. ಮೂಗಿನ್ಯಾಗ ರಗತ. ಆವತ್ತಿನಿಂದ ಬಿಟ್ಟೀನಿ. ಮಾಂಸಾ ತಿನ್ನೂದೂ ಬಿಟ್ಟೀನಿ, ಊರೂ ಬಿಟ್ಟೀನಿ. ಆವತ್ತ ನನ್ನ ಹಿಡೀಬೇಕಾಗಿತ್ತು ನೀವು. ಆವತ್ತ ಏನ್ ಶಿಕ್ಷಾ ಕೊಟ್ಟಿದ್ರೂ ಎರಡೂ ಕೈ ಚಾಚಿ ತಗೊಳ್ತಿದ್ದೆ. ಆವತ್ತ ಯಾರೂ ಬರಲಿಲ್ಲ, ಎಲ್ಲಾರೂ ಹಾರ ಹಾಕಿದ್ರು. ಈಗ ನಾ ಏನೂ ಮಾಡಿಲ್ಲ. ಇದಕ್ಕ ನಾ ಒಂದು ಪೈ ಕಟ್ಟಂಗಿಲ್ಲ.”

ಗುಮಾಸ್ತರು ತಿರುಗಿಸಿ ಹೇಳುವಾಗ ಎರಡು ಕಡೆ ನಿಂತು ಕನ್ನಡಕ ಒರೆಸಿಕೊಂಡರು.

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಆಮೇಲೆ ದನಿ ತಗ್ಗಿಸಿ, “ಸರಿ. ಇನ್ನೊಂದು ಸಲ ಮಾಡುವುದಿಲ್ಲ ಎಂದು ಹೇಳಲಿ. ಎಚ್ಚರಿಕೆ ಕೊಟ್ಟು ಕಳಿಸುತ್ತೇನೆ,” ಎಂದರು.

ಎಲ್ಲರೂ ಉಸಿರು ಬಿಟ್ಟರು. ಏಟಯ್ಯ ಕೂಡ. ನಾನು ಅಪ್ಪನ ಕೈ ಹಿಂಡಿದೆ. ಹೇಳಪ್ಪಾ, ಹೇಳಿಬಿಡು.

“ಮಾಡಿಲ್ಲದ್ದನ್ನ ಇನ್ನೊಂದು ಸಲ ಮಾಡಂಗಿಲ್ಲ ಅಂತ ಹ್ಯಾಂಗ ಹೇಳ್ಲಿರೀ?” ಅಂದ ಅಪ್ಪ.

ಗುಮಾಸ್ತರು ತಲೆ ಕೆರೆದುಕೊಂಡು ಅದನ್ನೂ ತಿರುಗಿಸಿದರು. ಈ ಸಲ ಕೋಣೆಯಲ್ಲಿ ಯಾರೂ ನಗಲಿಲ್ಲ. ಮ್ಯಾಜಿಸ್ಟ್ರೇಟರ ಮುಖ ಕೆಂಪಾಯಿತು. ಮುಗಿಯಿತು, ಅಪ್ಪ ಜೈಲಿಗೆ, ವ್ಯಾಗಣ್ಣ ಹರಾಜಿಗೆ ಎಂದುಕೊಂಡೆ. ಅವರು ಕಾಗದಗಳನ್ನು ಮೊದಲಿನಿಂದ ಮಗುಚಿ, ಏಟಯ್ಯನ ಕಡೆ ತಿರುಗಿದರು.

“ಕಾಳಗ ಅಂದರೆ ಎರಡು ಟಗರು ಬೇಕಲ್ಲವೇನ್ರೀ?”

“ಹೌದು ಸಾರ್.”

“ಎರಡನೇ ಟಗರು ಎಲ್ಲಿ?”

“ಅದು… ಓಡಿಹೋಯಿತು ಸಾರ್.”

“ಅದರ ಯಜಮಾನ?”

“ಅವನೂ ಓಡಿಹೋದ ಸಾರ್.”

“ಇವನು ಯಾಕೆ ಓಡಲಿಲ್ಲ?”

ಏಟಯ್ಯ ಅಪ್ಪನನ್ನು ನೋಡಿದರು. ನೋಡಿ, ಬಹಳ ಮೆಲ್ಲಗೆ, “ಗೊತ್ತಿಲ್ಲ ಸಾರ್,” ಎಂದರು.

ಕೇಸು ವಜಾ ಆಯಿತು.

ಹೊರಗೆ ಮೆಟ್ಟಿಲ ಮೇಲೆ ನಾನು ಏಟು ತಿನ್ನಲು ತಯಾರಾಗಿ ನಿಂತೆ. ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳಿದ, “ಯಾವಾಗಿಂದ ಗೊತ್ತಿತ್ತು?”

“ಎರಡು ವಾರ ಆತು.”

“ಇಷ್ಟ ದಿನಾ ಹೆಂಗ ಉಂಡ್ಯೋ?” ಅಂದ. ಅಷ್ಟೇ. ನಾಲ್ಕು ಏಟು ಕೊಟ್ಟಿದ್ದರೆ ಹಗುರಾಗುತ್ತಿತ್ತು.

ಏಟಯ್ಯ ಹಿಂದಿನಿಂದ ಬಂದರು. “ಆವತ್ತು ಎಲ್ಲರ ಹಾಗೆ ಓಡಿದ್ದರೆ ನಿನಗೂ ನನಗೂ ಇಷ್ಟು ತಿರುಗಾಟ ಇರುತ್ತಿರಲಿಲ್ಲವಲ್ಲಯ್ಯಾ,” ಎಂದರು. ಅದರಲ್ಲಿ ಸಿಟ್ಟಿರಲಿಲ್ಲ.

“ಇನ್ನೊಮ್ಮಿ ಬಂದ್ರೂ ಓಡಂಗಿಲ್ಲ ಅಂತ ಹೇಳವರಿಗೆ,” ಅಂದ ಅಪ್ಪ. ನಾನು ಒಂದೊಂದೇ ಅಕ್ಷರ ನೋಡಿಕೊಂಡು ತಮಿಳಿಗೆ ತಿರುಗಿಸಿದೆ. ಏಟಯ್ಯ ನಕ್ಕು ನನ್ನ ತಲೆಗೆ ಮೊಟಕಿದರು.

ಆದೇಶದ ಕಾಗದ ತೋರಿಸಿ ವ್ಯಾಗಣ್ಣನನ್ನು ಬಿಡಿಸಿಕೊಂಡು, ಕೀಲ್ಪಾಕಿನಿಂದ ತೊಂಡಿಯಾರ್‌ಪೇಟೆಯವರೆಗೆ ನಡೆಸಿಕೊಂಡೇ ಬಂದೆವು. ಬಸ್ಸುಗಳು ನಿಂತು ದಾರಿ ಕೊಟ್ಟವು. ಮನೆ ಹತ್ತಿರ ಬಂದಾಗ ಅಪ್ಪ, “ಎರಡನೇ ಟಗರು ಇಲ್ಲಂತ ಕೇಸು ಹೋತು. ನನ್ನ ಮಾತು ನಂಬಿ ಅಲ್ಲ,” ಅಂದ. ಗೆದ್ದು ಬಂದವನಿಗೆ ಅದು ಸಾಲದೇ ಹೋಗಿತ್ತು. ಅವ್ವ ಬಾಗಿಲಲ್ಲಿ ವ್ಯಾಗಣ್ಣನಿಗೆ ನೀವಾಳಿಸಿ ನೀರು ಚೆಲ್ಲಿದಳು. ಅದು ಆಮೇಲೆ ಎಂಟು ವರ್ಷ ಬಾಳಿ, ಹಲ್ಲು ಉದುರಿ, ಗಂಜಿ ಕುಡಿದು, ಯಾರನ್ನೂ ಗುದ್ದದೆ ಮುದಿಯಾಗಿ ಸತ್ತಿತು.

ಪ್ರಾಣಿಗಳನ್ನು ಕಾದಾಡಿಸುವವರಿಗೆ ಶಿಕ್ಷೆ ಜಾಸ್ತಿಯಾಗಲಿ ಎಂದು ನಾನೂ ಹೇಳುತ್ತೇನೆ. ಆಗಿನ ದಂಡ ಮುನುಸಾಮಿ ನಗುತ್ತ ಕಟ್ಟುವಷ್ಟಿತ್ತು, ಅದಕ್ಕೇ ಅವನು ನಗುತ್ತ ಟಗರು ಬಿಡುತ್ತಿದ್ದ. ಆದರೆ ದಂಡ ಹೆಚ್ಚಾದಷ್ಟೂ ಎದುರು ನಿಂತವನ ಮಾತನ್ನು ಪೂರ್ತಿ ಕೇಳುವ ಕಿವಿಯೂ ದೊಡ್ಡದಾಗಬೇಕು. ಇದನ್ನು ಹೇಳಲು ನನಗೆ ಯಾವ ಡಿಗ್ರಿಯೂ ಬೇಕಿಲ್ಲ.

ಹೋದ ವರ್ಷ ನನ್ನ ವೆಲ್ಡಿಂಗ್ ಶಾಪಿನ ಎದುರು ಯಾರೋ ಇಳಿಸಿಹೋದ ಕಬ್ಬಿಣ ದಾರಿಗೆ ಅಡ್ಡ ಎಂದು ಪೊಲೀಸರು ನನ್ನ ಮೇಲೆ ಕೇಸು ಬರೆದರು. ಅದು ನನ್ನದಲ್ಲ. ಅಚ್ಚು ಹಾಕಿದ ಕಾಗದ ಚಾಚಿದರು. ತಪ್ಪನ್ನು ಒಪ್ಪಿಕೊಳ್ಳುತ್ತೇನೆ ಎಂದು ಮೊದಲೇ ಬರೆದಿತ್ತು, ಸಹಿಗೆ ಮಾತ್ರ ಜಾಗ ಖಾಲಿ. ಮಧ್ಯಾಹ್ನ ಗೇಟೊಂದನ್ನು ಶೋಳಿಂಗನಲ್ಲೂರಿಗೆ ಮುಟ್ಟಿಸಬೇಕಿತ್ತು. “ಹಾಕಿಬಿಡಿ ಅಪ್ಪಾ, ಎಷ್ಟು ಹೊತ್ತು?” ಎಂದ ಮಗ, ತಮಿಳಿನಲ್ಲಿ. ಹಾಕಿದೆ. ಗೇಟು ಹೊತ್ತಿಗೆ ಸರಿಯಾಗಿ ಮುಟ್ಟಿತು.

ನನ್ನ ಕೈ ಕೆಳಗೆ ಆರು ಜನ ದುಡಿಯುತ್ತಾರೆ. ಕನ್ನಡ, ತಮಿಳು ಎರಡರಲ್ಲೂ ಸಹಿ ಹಾಕಬಲ್ಲೆ. ಅಪ್ಪನಿಗೆ ಇದ್ದದ್ದು ಒಂದು ಹೆಬ್ಬೆಟ್ಟು, ಇಸ್ತ್ರಿ ಮಾಡಿದ ಒಂದು ಅಂಗಿ. ಅವನು ಐದು ಸಲ ಹೋಗಿ ಇಲ್ಲ ಎಂದು ಬಂದ. ನನಗೆ ಒಂದು ಸಲ ಹೋಗಿ ನಿಲ್ಲಲು ಬಿಡುವಾಗಲಿಲ್ಲ.